ರಿಪೋರ್ಟ್ ನಾರ್ಮಲ್ ಬಂತೆಂದು ಗುಳಿಗೆ ಬಿಟ್ಟವರ ಪರವಾಗಿ

ಮಾನ್ಯ ಸಂಪಾದಕರೆ,

ಯಾದಗಿರಿಯಲ್ಲಿ 22 ವರ್ಷಗಳಿಂದ ಔಷಧ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಥೈರಾಯ್ಡ್ ತೊಂದರೆ ಇದ್ದವರು ಏನು ಉಣ್ಣಬೇಕು, ಏನು ಬಿಡಬೇಕು ಎಂಬ ಲೇಖನ ಬಂದಿತ್ತು. ಎಲೆಕೋಸು, ಹೂಕೋಸು, ಸೋಯಾ ಎಲ್ಲ ಇತ್ತು. ದಿನಾ ನುಂಗುವ ಗುಳಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ಪುಟದ ಕೆಳಮೂಲೆಯಲ್ಲಿ ‘ಥೈರಾಯ್ಡ್ ಬುಡಸಮೇತ ಗುಣ, ಜೀವನಪೂರ್ತಿ ಗುಳಿಗೆ ಬೇಕಿಲ್ಲ’ ಎಂಬ ಜಾಹೀರಾತು ಇತ್ತು. ಆ ಜಾಹೀರಾತಿನ ತುಂಡನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಸೋಮವಾರ ಮಧ್ಯಾಹ್ನ ಒಬ್ಬ ತಾಯಿ ನನ್ನ ಅಂಗಡಿಗೆ ಬಂದರು. ಈ ಪತ್ರ ಬರೆಯುವುದಕ್ಕೆ ಅವರೇ ಕಾರಣ.

ನಲವತ್ತೈದರ ಆಸುಪಾಸಿನ ಹೆಣ್ಣುಮಗಳು. ಹೊರಗೆ ನೆಲ ಕಾದು ಕಾಲಿಡಲಾಗದ ಬಿಸಿಲು. ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವರು ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದುಕೊಂಡು ನಿಂತಿದ್ದರು. “ಅಣ್ಣಾ, ಆ ಫ್ಯಾನ್ ಜರಾ ಆ ಕಡಿ ತಿರುಗಸ್ರಿ, ಚಳಿ ಆಗ್ತದ” ಅಂದರು. ದನಿ ಒಡೆದಿತ್ತು, ಕಣ್ಣಿನ ಕೆಳಗೆ ಊದಿತ್ತು. ಚೀಲದಿಂದ ಹಳೆಯ ರಿಪೋರ್ಟ್ ತೆಗೆದು ಕೌಂಟರ್ ಮೇಲೆ ಇಟ್ಟರು. ಥೈರಾಯ್ಡ್ ರಕ್ತಪರೀಕ್ಷೆಯ ಟಿ.ಎಸ್.ಎಚ್. ಅಂಕಿ 2.8. “ನಂದು ನಾರ್ಮಲ್ ಬಂದದ ರೀ. ಗುಳಿಗಿ ಬಿಟ್ಟು ಎರಡು ತಿಂಗಳಾತು. ಈಗ ಹೊತ್ತುಹೊತ್ತಿಗೂ ಮಲಗಬೇಕು ಅನಸ್ತದ. ಶಕ್ತಿ ಗುಳಿಗಿ ಏನರೆ ಕೊಡ್ರಿ, ಇಲ್ಲಾ ಈ ಪೇಪರ್‌ದಾಗಿನ ಔಷಧ ಐತೇನು ನೋಡ್ರಿ.”

ಆ ರಿಪೋರ್ಟ್ ಮಾಡಿಸಿದಾಗ ಅವರು ದಿನಾ 75 ಮೈಕ್ರೋಗ್ರಾಂ ಗುಳಿಗೆ ತೆಗೆದುಕೊಳ್ಳುತ್ತಿದ್ದರು. 2.8 ಬಂದದ್ದು ಆ ಗುಳಿಗೆಯಿಂದ. ಗ್ರಂಥಿ ಗುಣವಾಗಿ ಬಂದದ್ದಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ವೈದ್ಯರ ಮುಂದೆ ಐವತ್ತು ಜನ ಸಾಲಿನಲ್ಲಿ ಕೂತಿರುತ್ತಾರೆ, ಲ್ಯಾಬಿನವರು ಹಾಳೆಯನ್ನು ಕವರಿನಲ್ಲಿ ಹಾಕಿ ಕೊಡುತ್ತಾರೆ, ಹಾಳೆಯ ತುಂಬ ಇಂಗ್ಲಿಷು. ಓದಲು ಬರುವ ಮಗನೋ ಅಳಿಯನೋ ನೋಡಿ “ನಾರ್ಮಲ್ ಅದ” ಅಂದರೆ ಬ್ಯಾನಿ ಹೋಯಿತೆಂದೇ ಅರ್ಥ. ಹೀಗೆ ಬಿಟ್ಟವರನ್ನು ನಾನು ತಿಂಗಳಿಗೆ ನಾಲ್ಕೈದು ಮಂದಿಯನ್ನಾದರೂ ನೋಡುತ್ತೇನೆ.

ಅವರಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕೊರಳ ಮುಂದೆ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ, ಹದಿನೈದು ಇಪ್ಪತ್ತು ಗ್ರಾಂ ತೂಕದ್ದು. ಮೈ ಎಷ್ಟು ಬಿಸಿ ಇರಬೇಕು, ಎದೆ ಎಷ್ಟು ಬೇಗ ಬಡಿಯಬೇಕು, ಉಂಡದ್ದು ಎಷ್ಟು ಚುರುಕಾಗಿ ಕರಗಬೇಕು ಎಂಬುದೆಲ್ಲ ಅದರ ರಸದಿಂದ ನಡೆಯುತ್ತದೆ. ಅದರ ಮೇಲೆ ಕಣ್ಣಿಡಲು ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಟಿ.ಎಸ್.ಎಚ್. ಎಂಬುದು ಥೈರಾಯ್ಡ್ ಮಾಡುವ ರಸವಲ್ಲ, ಪಿಟ್ಯುಟರಿ ಅದನ್ನು ಕರೆಯುವ ಕೂಗು. ಹೊಲದ ಆಚೆ ಬದುವಿನಲ್ಲಿ ಆಡುವ ಮಗನನ್ನು ತಾಯಿ ಊಟಕ್ಕೆ ಕರೆಯುತ್ತಾಳೆ. ಒಂದೇ ಕೂಗಿಗೆ ಓಗೊಟ್ಟರೆ ಸುಮ್ಮನಾಗುತ್ತಾಳೆ. ಓಗೊಡದಿದ್ದರೆ ದನಿ ಏರಿಸುತ್ತಾಳೆ. ಥೈರಾಯ್ಡ್ ಸೋತಾಗ ಟಿ.ಎಸ್.ಎಚ್. ಹತ್ತು, ಇಪ್ಪತ್ತು, ಕೆಲವರಿಗೆ ನೂರರ ಆಚೆ ಹೋಗುವುದು ಇದಕ್ಕೇ. ಥೈರಾಯ್ಡ್ ಮಾಡುವ ರಸದ ಹೆಸರು ಥೈರಾಕ್ಸಿನ್, ಗುಳಿಗೆಯಲ್ಲಿರುವುದೂ ಅದೇ. ಗುಳಿಗೆ ನುಂಗಿದರೆ ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಾಗುತ್ತದೆ, ಪಿಟ್ಯುಟರಿಗೆ ಉತ್ತರ ಸಿಕ್ಕಂತಾಗುತ್ತದೆ, ಕೂಗು ತಗ್ಗುತ್ತದೆ. ಉತ್ತರ ಕೊಟ್ಟದ್ದು ಗುಳಿಗೆ.

“ಬಿಟ್ಟಾಗ ಹದಿನೈದು ದಿನ ಏನೂ ಆಗಲಿಲ್ಲಲ್ರಿ ಮತ್ತ?” ಎಂದು ಆ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ಎಲ್ಲರೂ ಮೋಸ ಹೋಗುವುದು ಅಲ್ಲಿಯೇ. ಇವತ್ತು ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಇನ್ನೂ ಏಳು ದಿನಕ್ಕೆ ಕಾಲು ಭಾಗ. ಹೀಗೆ ಮೆಲ್ಲಗೆ ಇಳಿಯುವುದರಿಂದ ಗುಳಿಗೆ ಬಿಟ್ಟ ಮೊದಲ ವಾರದಲ್ಲಿ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗುಳಿಗೆ ಬಿಟ್ಟದ್ದೇ ಮರೆತಿರುತ್ತದೆ. ಕೂದಲು ಉದುರಿದ್ದಕ್ಕೆ ನೀರಿನ ಮೇಲೆ ತಪ್ಪು ಹೊರಿಸುತ್ತೇವೆ, ಆಲಸ್ಯಕ್ಕೆ ವಯಸ್ಸಿನ ಮೇಲೆ. ವೈದ್ಯರು ಗುಳಿಗೆಯ ಅಳತೆ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಅನ್ನುವುದಕ್ಕೂ ಕಾರಣ ಇದೇ.

75 ಮೈಕ್ರೋಗ್ರಾಂ ಅಂದರೆ ಎಷ್ಟು ಎಂದು ಒಮ್ಮೆ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದ್ದೆ. ಒಂದು ಗ್ರಾಂ ಥೈರಾಕ್ಸಿನ್‌ನಲ್ಲಿ ಅಂಥ 13,333 ಗುಳಿಗೆ ಆಗುತ್ತವೆ. ದಿನಕ್ಕೆ ಒಂದರಂತೆ ಒಬ್ಬ ಮನುಷ್ಯನಿಗೆ 36 ವರ್ಷ ಸಾಕು. ಒಂದು ಚಿಟಿಕೆ ಪುಡಿ 36 ವರ್ಷ ಒಂದು ಮೈಯನ್ನು ಬೆಚ್ಚಗಿಡುತ್ತದೆ! ಇಷ್ಟು ಸಣ್ಣ ಅಳತೆಯ ವಸ್ತು ಚಹಾದ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಬೇಕು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ನಮ್ಮ ಕಡೆ ಬಸುರಿ ಹೆಣ್ಣುಮಕ್ಕಳು ಮೂರನ್ನೂ ಒಂದೇ ಗುಟುಕಿಗೆ ನುಂಗುತ್ತಾರೆ. ದಯವಿಟ್ಟು ಇದನ್ನಾದರೂ ಅಚ್ಚು ಹಾಕಿ. ಹೊಟ್ಟೆಯ ಕೂಸಿನ ಮಿದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಕ್ಸಿನ್ ನಂಬಿಕೊಂಡೇ ಬೆಳೆಯುತ್ತದೆ.

ಉಪ್ಪಿನ ಮಾತನ್ನೂ ಹೇಳಿಬಿಡುತ್ತೇನೆ. ಥೈರಾಕ್ಸಿನ್‌ನ ಒಂದೊಂದು ಕಣದಲ್ಲಿ ನಾಲ್ಕು ಅಯೋಡಿನ್ ಪರಮಾಣು ಇರುತ್ತವೆ. ಅಯೋಡಿನ್ ಸಿಗದಿದ್ದರೆ ಗ್ರಂಥಿ ಊದಿ ಗಳಗಂಡ ಆಗುತ್ತದೆ. ಅದನ್ನು ತಡೆಯಲು ದೇಶದಲ್ಲಿ 1962ರಿಂದ ಕಾರ್ಯಕ್ರಮ ನಡೆದಿದೆ, ಅಯೋಡಿನ್ ಉಪ್ಪು ಬಂದದ್ದು ಅದರಿಂದಲೇ. ಆದರೆ ಇಂದು ಗುಳಿಗೆ ನುಂಗುತ್ತಿರುವ ಬಹಳ ಮಂದಿಯಲ್ಲಿ ತೊಂದರೆ ಬೇರೆ. ಮೈಯನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದು ಅದನ್ನು ಸವೆಸುತ್ತದೆ. ಅಂಥವರು ಎಷ್ಟು ಅಯೋಡಿನ್ ತಿಂದರೂ ಸವೆದ ಗ್ರಂಥಿ ಚಿಗುರುವುದಿಲ್ಲ. ‘ಬುಡಸಮೇತ ಗುಣ’ ಎನ್ನುವವರು ಯಾವ ಬುಡದ ಮಾತು ಆಡುತ್ತಿದ್ದಾರೆ?

ಇಷ್ಟೆಲ್ಲ ಗೊತ್ತಿದ್ದ ನನ್ನ ಮನೆಯಲ್ಲೇ ನಡೆದದ್ದನ್ನು ಈಗ ಬರೆಯಬೇಕು. ಬರೆಯಲು ಕಷ್ಟ ಆಗುತ್ತದೆ, ಆದರೂ ಬರೆಯುತ್ತೇನೆ.

ನನ್ನ ಅವ್ವ ಅಣ್ಣನ ಜೊತೆ ಊರಲ್ಲಿ ಇರುತ್ತಾಳೆ. ತೊಗರಿ ಹೊಲದಲ್ಲಿ ಜೀವ ಸವೆಸಿದವಳು, ಎರಡೂ ಮೊಣಕಾಲು ಹೋಗಿವೆ. ನಾನು ಕಳಿಸಿದ ನೋವಿನ ಗುಳಿಗೆ, ಎಣ್ಣೆ ಯಾವುದೂ ಆಕೆಗೆ ಹಿಡಿಸಲಿಲ್ಲ. ನಾಲ್ಕೈದು ವರ್ಷದ ಹಿಂದೆ ಒಂದು ದೀಪಾವಳಿಗೆ ಹೋದಾಗ ಅವ್ವ ಸರಸರ ನಡೆದಾಡುತ್ತಿದ್ದಳು. ಕೆನ್ನೆ ತುಂಬಿಕೊಂಡಿದ್ದವು. ಮುಖ ದುಂಡಗಾಗಿ, ಹೊಳಪು ಬಂದಿತ್ತು. ನೆರೆಮನೆಯ ಕಾಕಿ “ನಿಮ್ಮವ್ವ ಈಗ ಮೈ ಹಿಡದಾಳ ನೋಡಪ್ಪಾ” ಅಂದರು. ನನಗೆ ಎಷ್ಟು ಸಮಾಧಾನ ಆಯಿತು! ಆಕೆಯ ಕೈಕಾಲು ಸಣ್ಣಗಾಗಿದ್ದವು, ಮುಂಗೈ ಮೇಲೆ ಬಳೆ ತಾಗಿದಲ್ಲೆಲ್ಲ ನೀಲಿ ಕಲೆ ಇತ್ತು, ಕತ್ತಿನ ಹಿಂದೆ ಒಂದು ದಿಂಡು ಎದ್ದಿತ್ತು. ಎಲ್ಲ ಕಣ್ಣಿಗೆ ಬಿತ್ತು. ಒಂದಕ್ಕೊಂದು ಜೋಡಿಸಿ ನೋಡಲಿಲ್ಲ. ಬೇರೆಯವರ ತಾಯಿ ಹಾಗೆ ಅಂಗಡಿಗೆ ಬಂದಿದ್ದರೆ ಎರಡು ನಿಮಿಷದಲ್ಲಿ ಕೇಳುತ್ತಿದ್ದೆ, ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ ಅಂತ.

ಮುಂದಿನ ಮಳೆಗಾಲದಲ್ಲಿ ಜಡಿಮಳೆ ಹಿಡಿದು ಊರ ಕಡೆ ಎರಡು ವಾರ ಸಂತೆ ಕೂಡಲಿಲ್ಲ. ಆಮೇಲಿನ ಒಂದು ಬೆಳಿಗ್ಗೆ ಅಣ್ಣನ ಫೋನ್ ಬಂತು. ಅವ್ವಗೆ ಎರಡು ದಿನದಿಂದ ವಾಂತಿ, ಎದ್ದರೆ ಕಣ್ಣಿಗೆ ಕತ್ತಲೆ, ಈಗ ಕರೆದರೆ ಸರಿಯಾಗಿ ಮಾತಾಡುತ್ತಿಲ್ಲ. ಹತ್ತಿರದ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಬಿ.ಪಿ. ಏರಲೇ ಇಲ್ಲ. ಕಲಬುರಗಿಗೆ ಒಯ್ದೆವು. ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ ಅವ್ವನ ಮುಖವನ್ನು ಒಂದು ಕ್ಷಣ ನೋಡಿ, ಮುಂಗೈ ಹೊರಳಿಸಿ ಆ ನೀಲಿ ಕಲೆ ನೋಡಿ, “ಅಮ್ಮನಿಗೆ ಮೊಣಕಾಲು ನೋವಿಗೆ ಯಾರು ಗುಳಿಗೆ ಕೊಡ್ತಿದ್ರು?” ಎಂದು ಕೇಳಿದರು. ಅತ್ತಿಗೆ ಅಳುತ್ತ ಅವ್ವನ ಎಲೆಅಡಿಕೆ ಚೀಲ ಬಿಚ್ಚಿದರು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪುಡಿಕೆ, ಖಾಲಿ. ವಾರಕ್ಕೊಮ್ಮೆ ಸಂತೆಗೆ ಬರುವವನೊಬ್ಬ ಕೊಡುತ್ತಿದ್ದನಂತೆ, ಒಂದು ಬಿಳಿ, ಒಂದು ಗುಲಾಬಿ, ದಿನಕ್ಕೆರಡು. ಹೆಸರಿಲ್ಲ, ಚೀಟಿ ಇಲ್ಲ. ಸುಮಾರು ಒಂದೂವರೆ ವರ್ಷ.

ರಕ್ತ ತೆಗೆದುಕೊಂಡು ತಕ್ಷಣ ಕಾರ್ಟಿಸಾಲ್ ಎಂಬ ರಸದ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಚುಚ್ಚಿದರು. ಸಂಜೆಯ ಹೊತ್ತಿಗೆ ಅವ್ವ ಕಣ್ಣು ತೆರೆದು ನೀರು ಕೇಳಿದಳು. ಮರುದಿನ ಬಂದ ರಿಪೋರ್ಟಿನಲ್ಲಿ ಆಕೆಯ ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಆ ಬಿಳಿ ಗುಳಿಗೆ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್‌ನಂತೆ ಕೆಲಸ ಮಾಡುವ ಔಷಧ ಇರಬೇಕೆಂದು ವೈದ್ಯೆ ಹೇಳುವ ಮೊದಲೇ ನನಗೆ ತಿಳಿದುಹೋಗಿತ್ತು.

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗಳು ತಲಾ ನಾಲ್ಕೈದು ಗ್ರಾಂ ತೂಕದವು. ಕಾರ್ಟಿಸಾಲ್ ಮಾಡುವುದು ಅವು. ನಸುಕಿನಲ್ಲಿ ನಾವು ಏಳುವ ಹೊತ್ತಿಗೆ ಅದು ರಕ್ತದಲ್ಲಿ ಏರಿರುತ್ತದೆ, ನಡುರಾತ್ರಿ ತಳ ಕಾಣುತ್ತದೆ. ಜ್ವರ ಬಂದಾಗ, ಪೆಟ್ಟಾದಾಗ, ಉಪವಾಸ ಇದ್ದಾಗ ಬಿ.ಪಿ. ಮತ್ತು ಸಕ್ಕರೆ ಬಿದ್ದುಹೋಗದಂತೆ ಹಿಡಿಯುವ ರಸ ಇದೇ. ಇದನ್ನೂ ಪಿಟ್ಯುಟರಿಯೇ ಕೂಗಿ ಕರೆಯುತ್ತದೆ. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬಂದು ಬೀಳುತ್ತಿದ್ದರೆ ಪಿಟ್ಯುಟರಿ ಕೂಗುವುದನ್ನು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಕರೆಯೇ ಬರದ ಅಡ್ರಿನಲ್ ಬತ್ತುತ್ತದೆ. ಆಗ ಒಮ್ಮೆಲೇ ಗುಳಿಗೆ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಗುಳಿಗೆ ನುಂಗಿದ್ದರಿಂದ ಅವ್ವನಿಗೆ ಮುಖ ಊದಿತು, ಚರ್ಮ ತೆಳ್ಳಗಾಯಿತು, ಸಕ್ಕರೆಯೂ ಏರಿತ್ತು. ಜೀವಕ್ಕೆ ಬಂದದ್ದು ಮಾತ್ರ ಗುಳಿಗೆ ನಿಂತದ್ದರಿಂದ.

ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಎರಡೂ ಸ್ಟೀರಾಯ್ಡ್‌ಗಳೇ. 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂದರೆ ಆರೋಗ್ಯವಂತರ ಮೈ ಒಂದು ದಿನಕ್ಕೆ ತಾನೇ ಮಾಡಿಕೊಳ್ಳುವ ಕಾರ್ಟಿಸಾಲ್‌ಗೆ ಹೆಚ್ಚುಕಡಿಮೆ ಸಮ. ಡೆಕ್ಸಾಮೆಥಾಸೋನ್ ಆದರೆ ಒಂದು ಮಿಲಿಗ್ರಾಂ ಕೂಡ ಬೇಡ, ಮುಕ್ಕಾಲು ಸಾಕು. ಅಷ್ಟು ಸಣ್ಣ ಬಿಳಿ ಗುಳಿಗೆಯನ್ನು ಪಟ್ಟಿಯಿಂದ ಬಿಚ್ಚಿ ಪುಡಿಕೆಯಲ್ಲಿ ಹಾಕಿದರೆ 22 ವರ್ಷ ಅಂಗಡಿಯಲ್ಲಿ ಕೂತ ನಾನೂ ಗುರುತು ಹಿಡಿಯಲಾರೆ. ವೈದ್ಯರು ಅವ್ವನಿಗೆ ಅದೇ ಔಷಧವನ್ನು ಅಳತೆ ಮಾಡಿ ಕೊಟ್ಟು, ವಾರ ವಾರ ಇಳಿಸುತ್ತ, ಅಡ್ರಿನಲ್ ತಾನಾಗಿ ಎದ್ದು ಕೂರುವವರೆಗೆ ಕಾದರು. ಹನ್ನೊಂದು ತಿಂಗಳು ಹಿಡಿಯಿತು.

ಆಮೇಲೆ ಒಂದು ದಿನ ಅವ್ವ ನನಗೆ ಹೇಳಿದಳು. “ನಿನಗ ಹೇಳಿದ್ರ ಬೈತಿದ್ದಿ ಅಂತ ಹೇಳಲಿಲ್ಲಪ್ಪಾ. ಅದು ತೊಗೊಂಡ ದಿನ ನಾ ಹೊಲಕ್ಕ ನಡಕೋತ ಹೋಗಿ ಬರ್ತಿದ್ದೆ.” ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ನೋವು ಇಳಿದದ್ದು ಸುಳ್ಳಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ವೈದ್ಯ ಫಿಲಿಪ್ ಹೆಂಚ್ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಆ ಕೆಲಸಕ್ಕೆ 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಇದೇ ಕೆಂಡಾಲ್ 1914ರಲ್ಲಿ ಥೈರಾಕ್ಸಿನ್ ಅನ್ನು ಮೊದಲು ಬೇರ್ಪಡಿಸಿದವರು. ನನ್ನ ಅಂಗಡಿಯ ಎರಡು ಬೇರೆ ಬೇರೆ ಕಪಾಟಿನಲ್ಲಿರುವ ಎರಡು ಗುಳಿಗೆಗಳ ಹಿಂದೆ ಒಬ್ಬರೇ ಮನುಷ್ಯ ಇದ್ದಾರೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ಆಸ್ತಮಾದವರಿಗೆ, ಕೀಲುವಾತದವರಿಗೆ ಸ್ಟೀರಾಯ್ಡ್ ಇಂದಿಗೂ ಜೀವ ಉಳಿಸುತ್ತದೆ. ವೈದ್ಯರು ಬರೆದುಕೊಟ್ಟವರು ಈ ಪತ್ರ ಓದಿ ಹೆದರಿ ಬಿಟ್ಟುಬಿಟ್ಟರೆ ಅದಕ್ಕಿಂತ ಅನಾಹುತ ಇನ್ನೊಂದಿಲ್ಲ.

ಇನ್ಸುಲಿನ್ ಬಗ್ಗೆ ಎರಡು ಮಾತು. ಹುಟ್ಟಿನಿಂದಲೋ ಎಳವೆಯಲ್ಲೋ ಮೇದೋಜೀರಕದ ಇನ್ಸುಲಿನ್ ಪೂರ್ತಿ ಬತ್ತಿದ ಮಕ್ಕಳು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ವಾರವಿಲ್ಲ, ತಿಂಗಳಿಲ್ಲ, ಒಂದು ದಿನದ ಚುಚ್ಚುಮದ್ದು ತಪ್ಪಿದರೂ ಆಪತ್ತು. ಜಾತ್ರೆಗೆ ಹೋದಾಗ ಬಿಡುವುದು, ಮಂತ್ರಿಸಿದ ಬೇರು ಸಿಕ್ಕಿತೆಂದು ಬಿಡುವುದು ಬೇಡವೇ ಬೇಡ. ಫ್ರಿಜ್ ಇಲ್ಲದ ಮನೆಯವರು ಒಂದು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಚಿಮುಕಿಸಿ, ನೆರಳಲ್ಲಿಟ್ಟರೆ ನಮ್ಮ ಒಣ ಬಿಸಿಲಲ್ಲಿ ಒಳಗೆ ಚೆನ್ನಾಗಿ ತಂಪು ಹಿಡಿಯುತ್ತದೆ. ಬಾಟಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಗಿಡಬೇಕು.

ಇನ್ಸುಲಿನ್ ಗಂಟೆಗಳ ಲೆಕ್ಕದಲ್ಲಿ ತೀರುತ್ತದೆ. ಥೈರಾಕ್ಸಿನ್ ವಾರಗಳ ಲೆಕ್ಕದಲ್ಲಿ ಇಳಿಯುತ್ತದೆ. ಮಲಗಿದ ಅಡ್ರಿನಲ್ ಏಳಲು ತಿಂಗಳುಗಳು ಬೇಕು. ಬಿಟ್ಟರೂ ಏನೂ ಆಗಲಿಲ್ಲ ಎನ್ನುವವರು ಇಷ್ಟನ್ನು ತಿಳಿದಿದ್ದರೆ ಸೋಮವಾರದ ಆ ತಾಯಿ ಎರಡು ತಿಂಗಳು ಚಳಿಯಲ್ಲಿ ಕೂರಬೇಕಿರಲಿಲ್ಲ. ನಾನು ಅವರಿಗೆ ಶಕ್ತಿ ಗುಳಿಗೆ ಕೊಡಲಿಲ್ಲ. ಚೀಟಿ ಬರೆದ ವೈದ್ಯರ ಹತ್ತಿರವೇ ವಾಪಸ್ ಕಳಿಸಿದೆ. ಮತ್ತೆ ಗುಳಿಗೆ ಶುರುವಾಗಿದೆ ಎಂದು ನಿನ್ನೆ ಅವರ ಮಗ ಬಂದು ಹೇಳಿದ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಮಧುಮೇಹ, ಗಳಗಂಡ ಮುಂತಾದ ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಜಾಹೀರಾತಿನ ಜಾಗವನ್ನು ದಯವಿಟ್ಟು ಮಾರಬೇಡಿ. ನಮ್ಮ ಭಾಗದಲ್ಲಿ ಪತ್ರಿಕೆಯಲ್ಲಿ ಬಂದದ್ದೆಂದರೆ ಜನ ಕಣ್ಣುಮುಚ್ಚಿ ನಂಬುತ್ತಾರೆ. ಸ್ಟೀರಾಯ್ಡ್ ಗುಳಿಗೆಗಳು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಅಂಗಡಿಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ತಿಂಗಳಿಗೊಮ್ಮೆ ಸಂತೆಗಳಿಗೂ ಬರಲಿ ಎಂದು ನಿಮ್ಮ ವರದಿಗಾರರು ಕೇಳಲಿ. ನಾವು ಔಷಧ ಅಂಗಡಿಯವರಲ್ಲೂ ಚೀಟಿ ನೋಡದೆ ಕೊಡುವವರು ಇದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಲ್ಯಾಬುಗಳು ಥೈರಾಯ್ಡ್ ರಿಪೋರ್ಟಿನ ಕೆಳಗೆ ‘ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಇದು ಗುಳಿಗೆಯ ಪರಿಣಾಮ, ವೈದ್ಯರನ್ನು ಕೇಳದೆ ಬಿಡಬೇಡಿ’ ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿದರೆ ಅವರಿಗೆ ಪೈಸೆ ಖರ್ಚಿಲ್ಲ.

ಅವ್ವ ಆ ಹನ್ನೊಂದು ತಿಂಗಳು ಎಲೆಅಡಿಕೆ ಚೀಲದಲ್ಲಿ ಪುಡಿಕೆ ಇದ್ದ ಜಾಗದಲ್ಲೇ ಒಂದು ಚೀಟಿ ಇಟ್ಟುಕೊಂಡಿದ್ದಳು. ವೈದ್ಯೆ ಹೇಳಿದ್ದನ್ನು ನಾನು ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿಕೊಟ್ಟದ್ದು. ಈಗ ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಳ್ಳುವ ಗಿರಾಕಿಗಳಿಗೆಲ್ಲ ಅದರ ಪ್ರತಿ ಕೊಡುತ್ತೇನೆ. ಜಾಗ ಇದ್ದರೆ ಅದನ್ನು ಚೌಕಟ್ಟು ಹಾಕಿ ಅಚ್ಚು ಮಾಡಿ, ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಲಿ:

“ನಾನು ಬಹಳ ದಿನಗಳಿಂದ ಸ್ಟೀರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಒಮ್ಮೆಲೇ ನಿಲ್ಲಿಸಬಾರದು. ನನಗೆ ಜ್ವರ, ವಾಂತಿ, ಅಪಘಾತ ಅಥವಾ ಆಪರೇಷನ್ ಆದರೆ ವೈದ್ಯರಿಗೆ ಮೊದಲು ಈ ಚೀಟಿ ತೋರಿಸಿ. ನಾನು ಮಾತಾಡದ ಸ್ಥಿತಿಯಲ್ಲಿದ್ದರೆ ಹೈಡ್ರೋಕಾರ್ಟಿಸೋನ್ ಬೇಕಾಗಬಹುದು.”

ಇಂತಿ ನಿಮ್ಮ ಓದುಗ,
ಔಷಧ ಅಂಗಡಿಯವ, ಯಾದಗಿರಿ
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದ್ದೇನೆ)